ಗೊಂಚಲಿಗೆ ಹತ್ತೊಂಬತ್ತು ಹೂ

ಅಡಿಲೇಡಿನ ಪ್ರಾಸ್ಪೆಕ್ಟ್‌ನಲ್ಲಿ ರುಕ್ಮಿಣಿಯ ಮನೆಯ ಗ್ಯಾರೇಜಿನೊಳಗೆ ಕಾರು ನಿಂತದ್ದನ್ನು ಅಕ್ಕಪಕ್ಕದವರು ಯಾರೂ ಕಂಡಿರಲಿಲ್ಲ. ಕಾರು ನಿಲ್ಲಬೇಕಾದ ಕಡೆ ಆರಿ ಕಸೂತಿ ಕೆಲಸದ ಉದ್ದನೆಯ ಮರದ ಚೌಕಟ್ಟು, ಅದರ ತಲೆಯ ಮೇಲೆ ಎರಡು ಟ್ಯೂಬ್‌ಲೈಟು, ಗೋಡೆಯುದ್ದಕ್ಕೂ ರೇಷ್ಮೆ ದಾರದ ಲಡಿಗಳು. ಗಂಡ ಪ್ರಶಾಂತ ವಿದ್ಯುತ್ ಕಂಪನಿಯಲ್ಲಿ ಎಂಜಿನಿಯರು. ಅವನ ಕಾರು ಹನ್ನೊಂದು ವರ್ಷದಿಂದ ಬಿಸಿಲಲ್ಲೇ ನಿಂತು ಬಣ್ಣ ಕಳೆದುಕೊಂಡಿತ್ತು.

ರುಕ್ಮಿಣಿ ಕೆಲಸ ಕಲಿತದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಗೌಸ್ ಸಾಬರ ಬಳಿ. ಆರು ವರ್ಷ ಅವರ ಚೌಕಟ್ಟಿನ ಎದುರು ಕಾಲು ಮಡಿಚಿ ಕೂತು, ಕೊಕ್ಕೆ ಸೂಜಿ ಹಿಡಿಯುವುದರ ಜೊತೆಗೆ ಅವರ ಮನೆಯ ಹಿಂದಿಯನ್ನೂ ಕಲಿತಿದ್ದಳು. ಮದುವೆಯ ರವಿಕೆಗೆ ನವಿಲು, ಆನೆ, ಕಮಲ, ಯಾವುದು ಬೇಕಾದರೂ ಸರಿ. ಚಿತ್ರವನ್ನು ಟ್ರೇಸಿಂಗ್ ಪೇಪರಿಗೆ ಇಳಿಸಿ, ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಮೇಲೆ ಪುಡಿ ಒರೆಸಿ ಬಟ್ಟೆಗೆ ದಾಟಿಸಿದರೆ ಮಿಕ್ಕದ್ದನ್ನು ಅವಳ ಬೆರಳುಗಳೇ ನೋಡಿಕೊಳ್ಳುತ್ತಿದ್ದವು. "ನೀವು ಚಿತ್ರ ಕೊಡಿ ಸಾಕು" ಎಂದು ಹೊಸಬರಿಗೆ ಹೇಳುತ್ತಿದ್ದಳು. ಅದು ಜಂಬದ ಮಾತಲ್ಲ. ಅವಳು ಮಾಡಿಕೊಟ್ಟದ್ದನ್ನು ಆವರೆಗೆ ಒಬ್ಬರೂ ಹಿಂದಕ್ಕೆ ತಂದಿರಲಿಲ್ಲ.

ಜುಲೈ ತಿಂಗಳ ಒಂದು ಭಾನುವಾರ ದಿನೇಶ ಎಂಬ ಯುವಕ ಹುಡುಕಿಕೊಂಡು ಬಂದ. ಕಾಠ್ಮಂಡುವಿನವನು. ಅಡಿಲೇಡಿಗೆ ಓದಲು ಬಂದು ಇಲ್ಲೇ ಕೆಲಸಕ್ಕೆ ಸೇರಿದವನು. ನೇಪಾಳಿ ಮಾತಾಡುವವರದೊಂದು ವಾಲಿಬಾಲ್ ಕ್ಲಬ್ಬಿಗೆ ಕಾರ್ಯದರ್ಶಿ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಊರಿನ ಕ್ಲಬ್ಬುಗಳು ವರ್ಷಕ್ಕೊಮ್ಮೆ ಸೇರಿ ಪಂದ್ಯ ಆಡುತ್ತವೆ, ಈ ಸಲ ಅಕ್ಟೋಬರಿನಲ್ಲಿ ಅಡಿಲೇಡಿನ ಸರದಿ, ಮೊದಲ ದಿನ ಒಂದೊಂದು ಊರಿನವರೂ ತಮ್ಮ ಬ್ಯಾನರ್ ಹಿಡಿದು ಮೈದಾನ ಸುತ್ತುತ್ತಾರೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದ.

"ಅವರದೆಲ್ಲ ಪ್ರಿಂಟ್ ಮಾಡಿಸಿದ್ದು ಆಂಟಿ. ಪ್ಲಾಸ್ಟಿಕ್. ನಮ್ಮದು ಕೈಕೆಲಸದ್ದು ಇರ್ಬೇಕು. ಬ್ರಿಸ್ಬೇನಿನವರು ನೋಡಿದ ತಕ್ಷಣ ಸುಮ್ಮನಾಗ್ಬಿಡ್ಬೇಕು."

"ಏನು ಚಿತ್ರ?"

"ಲಾಲಿ ಗುರಾಂಸ್. ನಮ್ಮ ರಾಷ್ಟ್ರೀಯ ಹೂವು. ಬೆಟ್ಟದ ಮೇಲೆ ಬೆಳೆಯುತ್ತೆ. ಇಲ್ಲಿಯವರು ರೋಡೋಡೆಂಡ್ರಾನ್ ಅಂತಾರೆ."

ಫೋನಿನಲ್ಲಿದ್ದ ಚಿತ್ರ ತೋರಿಸಿದ. ಐದು ಎಸಳಿನ ಕೆಂಪು ಹೂವು, ಅಗಲವಾಗಿ ಬಾಯಿ ತೆರೆದುಕೊಂಡಿತ್ತು, ನಡುವಿನಿಂದ ಉದ್ದನೆಯ ಕೇಸರಗಳು ಹೊರಗೆ ಚಾಚಿದ್ದವು. ರುಕ್ಮಿಣಿಗೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ದಾಸವಾಳಕ್ಕೆ ದೂರದ ನೆಂಟ ಅಂದುಕೊಂಡಳು. ಕಡುಹಸಿರು ವೆಲ್ವೆಟ್ ತರಿಸಿ, ಆರಡಿ ಉದ್ದಕ್ಕೆ ಚೌಕಟ್ಟಿಗೆ ಬಿಗಿದು, ನಾಲ್ಕು ವಾರ ಕೂತು ನಡುವೆ ಏಳು ಹೂವುಗಳನ್ನು ಅರಳಿಸಿದಳು. ಸುತ್ತ ಜರಿಯ ಅಂಚು. ಮುಗಿದ ದಿನ ಪ್ರಶಾಂತ ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡಿ, "ರುಕ್ಕು, ಇದನ್ನ ಕೊಡೋದು ಬೇಡ, ಹಾಲ್‌ನಲ್ಲಿ ಹಾಕೋಣ" ಅಂದ.

ಆಗಸ್ಟ್ ಮಧ್ಯದ ಶನಿವಾರ ದಿನೇಶ ಬ್ಯಾನರ್ ತೆಗೆದುಕೊಂಡು ಹೋಗಲು ಬಂದಾಗ ಅವನ ಜೊತೆ ಒಬ್ಬ ಅಜ್ಜಿ ಇದ್ದರು. ಎಪ್ಪತ್ತು ದಾಟಿದವರು. ಗಿಡ್ಡ ಆಳು, ತಲೆಗೆ ಹೂಬಟ್ಟೆಯ ವಸ್ತ್ರ, ಕೈಯಲ್ಲಿ ಸಾಸಿವೆ ಸೊಪ್ಪಿನ ಚೀಲ. ಹೆಸರು ಮನ್‌ಮಾಯಾ. ಬ್ಲೇರ್ ಅಥಾಲ್‌ನಲ್ಲಿ ಮಗನ ಮನೆ. ಮೊಮ್ಮಗ ಇದೇ ಕ್ಲಬ್ಬಿಗೆ ಆಡುತ್ತಿದ್ದ. ಪ್ರಾಸ್ಪೆಕ್ಟ್ ರೋಡಿನ ಅಂಗಡಿಯಲ್ಲಿ ಸಿಕ್ಕಿದ ಅವರನ್ನು ಮನೆಗೆ ಬಿಡುತ್ತೇನೆಂದು ದಿನೇಶ ಕಾರು ಹತ್ತಿಸಿಕೊಂಡಿದ್ದ. ಊರಿನ ನೇಪಾಳಿಗಳೆಲ್ಲ ಅವರನ್ನು ಕರೆಯುವುದು ಆಮಾ ಎಂದೇ, ಅವರ ಭಾಷೆಯಲ್ಲಿ ಅಮ್ಮ.

ದಿನೇಶ ಬ್ಯಾನರ್ ನೋಡಿ ಕುಣಿದಾಡಿಬಿಟ್ಟ. ಹತ್ತಿರದಿಂದ, ದೂರದಿಂದ ಹತ್ತಾರು ಫೋಟೋ ತೆಗೆದ. ಆಮಾ ಮಾತ್ರ ಒಂದು ಮೂಲೆಯಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡೇ ನಿಂತಿದ್ದರು. ರುಕ್ಮಿಣಿಗೆ ಅವರ ಬಾಯಿಂದಲೂ ಒಂದು ಮಾತು ಕೇಳಬೇಕೆನಿಸಿತು. ಹಿಂದಿಯಲ್ಲಿ, "ಹೇಗಿದೆ ಆಮಾ, ನಿಮ್ಮ ಗುರಾಂಸ್?" ಎಂದಳು.

ಆಮಾ ಹತ್ತಿರ ಬಂದರು. ಹೊಲಿಗೆಯ ಮೇಲೆ ಬೆರಳಾಡಿಸಿದರು. "ಕೆಲಸ ಬಹಳ ಚೆನ್ನಾಗಿದೆ. ನುರಿತ ಕೈ ನಿನ್ನದು" ಎಂದರು. ಬೆರಳು ಹಿಂತೆಗೆದು, "ಆದರೆ ಮಗಳೇ, ಇದು ಗುರಾಂಸ್ ಅಲ್ಲ" ಎಂದರು.

ದಿನೇಶ ನಕ್ಕುಬಿಟ್ಟ. "ಆಮಾ, ಗುರಾಂಸೇ. ಇಂಟರ್‌ನೆಟ್‌ನಿಂದ ತೆಗೆದದ್ದು."

"ಇದು ಕುಂಡದಲ್ಲಿ ಇಡೋ ಹೂವು. ಗುರಾಂಸ್ ಹೀಗೆ ಒಂದೊಂದೇ ಕೂರಲ್ಲ" ಎಂದರು ಆಮಾ. ಆಮೇಲೆ ಹೊರಗೆ ಹೋಗಿ ಕಾರಿನ ಪಕ್ಕ ನಿಂತರು.

ದಿನೇಶನಿಗೆ ಮುಜುಗರವಾಯಿತು. ವಯಸ್ಸಾದವರು ಏನೋ ಹೇಳ್ತಾರೆ, ತಲೆ ಕೆಡಿಸಿಕೊಳ್ಳಬೇಡಿ, ಇಪ್ಪತ್ತಡಿ ದೂರದಿಂದ ನೋಡುವವರಿಗೆ ಕೆಂಪು ಹೂವು ಅಂದರೆ ಕೆಂಪು ಹೂವೇ ಎಂದು ಸಮಾಧಾನ ಹೇಳಿದ. ರುಕ್ಮಿಣಿ ಬ್ಯಾನರನ್ನು ಸುತ್ತಿಡತೊಡಗಿದವಳು ಅರ್ಧಕ್ಕೇ ನಿಲ್ಲಿಸಿದಳು.

"ಒಂದು ವಾರ ನನ್ನ ಹತ್ರಾನೇ ಇರ್ಲಿ ದಿನೇಶ್. ಅಂಚಿನಲ್ಲಿ ಸ್ವಲ್ಪ ಕೆಲ್ಸ ಇದೆ" ಎಂದಳು. ಅಂಚಿನಲ್ಲಿ ಕೆಲಸವೇನೂ ಇರಲಿಲ್ಲ.

ಆ ದಿನವೆಲ್ಲ ಅವಳ ಮನಸ್ಸು ಸರಿಹೋಗಲಿಲ್ಲ. ಸಿಟ್ಟು ಬಂದದ್ದು ಆಮಾ ಮೇಲಲ್ಲ. ಅವರು ಹೇಳಿದ್ದು ನಿಜ ಎಂದು ತನ್ನ ಬೆರಳಿಗೇ ಗೊತ್ತಿದ್ದಂತಿತ್ತು, ಅದಕ್ಕೆ. ಅಡುಗೆಮನೆಯ ಕಟ್ಟೆಯ ಬಳಿ ಕೂತು ಹದಿನೈದರ ಮಗಳು ಇಂಚರಾಳನ್ನು ಕೇಳಿದಳು, "ನಾನು ಎಷ್ಟು ಕಮಲ ಹಾಕಿದ್ದೀನಿ ಗೊತ್ತಾ? ಸಾವಿರ ಇರ್ಬಹುದು. ಕೊಳದಲ್ಲಿ ಇರೋ ಕಮಲಾನ ಹತ್ರ ನಿಂತು ಒಂದ್ಸಲಾನೂ ನೋಡಿಲ್ಲ ಕಣೆ."

ಇಂಚರಾ ಫೋನಿನಿಂದ ತಲೆಯೆತ್ತಿದಳು. "ಸೋ ಗೋ ಅಂಡ್ ಲುಕ್ ಅಟ್ ದಿಸ್ ಒನ್, ಅಮ್ಮಾ. ಮೌಂಟ್ ಲಾಫ್ಟಿ ಗಾರ್ಡನ್‌ನಲ್ಲಿ ಟನ್ಸ್ ಇದೆ. ವಿ ವೆಂಟ್ ವಿತ್ ಸ್ಕೂಲ್."

ಮರುದಿನ ಬೆಳಿಗ್ಗೆಯೇ ರುಕ್ಮಿಣಿ ದಿನೇಶನಿಂದ ವಿಳಾಸ ಕೇಳಿಕೊಂಡು ಬ್ಲೇರ್ ಅಥಾಲ್‌ನ ಆ ಮನೆಯ ಬಾಗಿಲು ತಟ್ಟಿದಳು. ಆಮಾ ಹಿತ್ತಲಲ್ಲಿ ಮೂಲಂಗಿ ಕೀಳುತ್ತಿದ್ದರು. ಮಣ್ಣು ಕೈಯನ್ನು ಸೆರಗಿಗೆ ಒರೆಸಿಕೊಂಡು, ಇವಳು ಜಗಳಕ್ಕೆ ಬಂದಳೇನೋ ಎಂಬಂತೆ ನೋಡಿದರು.

"ನಂಗೆ ನಿಮ್ಮ ಹೂವು ತೋರಿಸಿ" ಎಂದಳು ರುಕ್ಮಿಣಿ. "ಬನ್ನಿ, ಕಾರು ತಂದಿದ್ದೀನಿ. ಇಲ್ಲ ಅಂತ ಮಾತ್ರ ಹೇಳ್ಬೇಡಿ. ನಕೋ ಅಂದ್ರೆ ನಾನು ಇಲ್ಲೇ ಕೂತ್ಕೊತೀನಿ."

ಬೇಡ ಎನ್ನಲು ಮಂಡಿ ಮೊಹಲ್ಲಾದವರು ಬಳಸುವ ಆ 'ನಕೋ' ಕೇಳಿ ಆಮಾ ಗಟ್ಟಿಯಾಗಿ ನಕ್ಕರು. ಇಂಥ ಹಿಂದಿಯನ್ನು ಅವರು ಯಾವ ಸೀರಿಯಲ್ಲಿನಲ್ಲೂ ಕೇಳಿರಲಿಲ್ಲ. ಒಳಗೆ ಹೋಗಿ ಉಣ್ಣೆಯ ಶಾಲು ಹೊದ್ದು ಬಂದು ಕಾರಿನ ಮುಂದಿನ ಸೀಟಿನಲ್ಲಿ ಕೂತರು.

ನಗರ ಕಳೆದು ಫ್ರೀವೇ ಗುಡ್ಡ ಹತ್ತತೊಡಗಿದಂತೆ ಗಾಳಿ ತಣ್ಣಗಾಯಿತು. ಸಸ್ಯೋದ್ಯಾನದ ಗೇಟಿನ ಬಳಿ ಕಾರು ನಿಲ್ಲಿಸಿ ಇಬ್ಬರೂ ಇಳಿಜಾರಿನ ಕಾಲುದಾರಿ ಹಿಡಿದರು. ರುಕ್ಮಿಣಿಯ ಕೈಯಲ್ಲಿ ರವಿಕೆಯ ಅಳತೆ ಬರೆಯುವ ಹಳೆಯ ನೋಟ್‌ಬುಕ್ಕಿತ್ತು. ರಾತ್ರಿ ಸುರಿದ ಮಳೆಗೆ ದಾರಿ ಜಾರುತ್ತಿತ್ತು. ನಲವತ್ತಾರರ ರುಕ್ಮಿಣಿ ಕಂಬಿ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದರೆ ಆಮಾ ಕಾಲನ್ನು ಅಡ್ಡಡ್ಡ ಇಟ್ಟುಕೊಂಡು ಸರಸರ ಇಳಿದು ಮುಂದೆ ಹೋಗಿ ಕಾಯುತ್ತಿದ್ದರು.

ಮೊದಲು ಸಿಕ್ಕಿದ್ದು ನಸುಗುಲಾಬಿ ಹೂವಿನ ಪೊದೆ. ರುಕ್ಮಿಣಿ ಹಲಗೆ ಓದಿ, "ರೋಡೋಡೆಂಡ್ರಾನ್!" ಎಂದು ಕೂಗಿದಳು. ಆಮಾ ಅಲ್ಲವೆಂದು ತಲೆಯಾಡಿಸಿದರು. ಆಮೇಲೆ ಬಿಳಿಯದು. "ಇದು ನಮ್ಮಲ್ಲೂ ಇದೆ, ಆದರೆ ಇನ್ನೂ ಮೇಲಿನ ಬೆಟ್ಟದ್ದು." ಅದರಾಚೆ ತಿಳಿನೇರಳೆ. ಅದನ್ನು ತಿರುಗಿಯೂ ನೋಡಲಿಲ್ಲ. ಅರ್ಧ ಗಂಟೆ ಕಳೆಯುವ ಹೊತ್ತಿಗೆ ಹತ್ತು ಹದಿನೈದು ಗಿಡಗಳನ್ನು ಆಮಾ ತಳ್ಳಿಹಾಕಿದ್ದರು. ಇವರಿಗೆ ನಿಜವಾಗಿಯೂ ನೆನಪಿದೆಯೇ ಎಂಬ ಸಣ್ಣ ಅನುಮಾನ ರುಕ್ಮಿಣಿಗೆ ಬಂತು. ಊರು ಬಿಟ್ಟು ಮೂವತ್ತು ವರ್ಷಕ್ಕೂ ಮೇಲಾದವರು.

ಕಣಿವೆಯ ತಳದಲ್ಲಿ ಕಳೆ ಕೀಳುತ್ತಿದ್ದ ತೋಟದ ಒಬ್ಬ ಮಹಿಳೆಯನ್ನು ರುಕ್ಮಿಣಿ ವಿಚಾರಿಸಿದಳು. ಕೆಂಪು, ಹಿಮಾಲಯದ್ದು, ಮರದಷ್ಟು ಎತ್ತರ ಎಂದೆಲ್ಲ ಕೈಯಾಡಿಸಿ ಹೇಳಿದಳು. ಆಕೆ ಎದ್ದು ನಿಂತು, ತೊರೆ ದಾಟಿ ಎಡಕ್ಕೆ ಹತ್ತಿದರೆ ಹಳೆಯ ಮರಗಳಿವೆ, ಬೇಗ ಹೋಗಿ, ಹೂ ಉದುರುವ ಕಾಲ ಎಂದಳು.

ತೊರೆ ದಾಟಿದ್ದೇ ಆಮಾ ನಿಂತುಬಿಟ್ಟರು. ಮೇಲೆ, ಇಳಿಜಾರಿಗೆ ಬಾಗಿ ನಿಂತ ಮೂರು ಮರ. ಕಾಂಡದ ಸಿಪ್ಪೆ ಕಂದುಗೆಂಪಾಗಿ ಸುಲಿದಿತ್ತು. ಕೊಂಬೆಕೊಂಬೆಯ ತುದಿಯಲ್ಲಿ ಮುಷ್ಟಿಯಂಥ ಕೆಂಪು ಗೊಂಚಲು. ಬುಡದ ಹುಲ್ಲೆಲ್ಲ ಉದುರಿದ ಹೂವಿನಿಂದ ಮುಚ್ಚಿಹೋಗಿತ್ತು.

ಆಮಾ ಅಳಲಿಲ್ಲ, ಕೈ ಮುಗಿಯಲಿಲ್ಲ. ಶಾಲನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು, "ಬಾ" ಎಂದು ಹತ್ತಿದರು. ಕೈಗೆಟುಕುವ ಕೊಂಬೆಯೊಂದನ್ನು ಮೆಲ್ಲಗೆ ಬಗ್ಗಿಸಿ ರುಕ್ಮಿಣಿಯ ಮುಖದ ಮಟ್ಟಕ್ಕೆ ಹಿಡಿದರು.

"ಈಗ ನೋಡು. ಒಂದು ಹೂವಲ್ಲ ಇದು. ಎಣಿಸು."

ರುಕ್ಮಿಣಿ ಎಣಿಸಿದಳು. ಒಂದು ಗೊಂಚಲಿನಲ್ಲಿ ಹತ್ತೊಂಬತ್ತು ಹೂ. ಒಂದೊಂದೂ ಗಂಟೆಯ ಹಾಗೆ, ಒಂದಕ್ಕೊಂದು ಹೆಗಲು ಕೊಟ್ಟು ಸುತ್ತ ಕೂತಿದ್ದವು. ಬಾಯಿ ಅಗಲವಾಗಿ ತೆರೆದಿರಲಿಲ್ಲ, ಕೇಸರ ಹೊರಗೆ ಚಾಚಿರಲಿಲ್ಲ. ಗಂಟಲಿನೊಳಗೆ ಕಪ್ಪು ಚುಕ್ಕಿಗಳು, ಬುಡದಲ್ಲಿ ಕಡುಗೆಂಪು ಮಚ್ಚೆಯಲ್ಲಿ ಒಂದು ಹನಿ ಜೇನು. ಕೆಂಪೂ ಒಂದೇ ಕೆಂಪಲ್ಲ. ಅಂಚಿನಲ್ಲಿ ಕುಂಕುಮ, ನಡುವೆ ದಾಳಿಂಬೆ ಕಾಳು, ಒಳಗೆ ಒಣಮೆಣಸಿನಕಾಯಿ. ಆಮಾ ಎಲೆಯೊಂದನ್ನು ತಿರುವಿ ತೋರಿಸಿದರು. ಮೇಲೆ ಮಾವಿನೆಲೆಯಂಥ ಗಟ್ಟಿ ಹಸಿರು. ಹಿಂಬದಿ ಬೆಳ್ಳಿ ಬಳಿದ ಹಾಗೆ.

ರುಕ್ಮಿಣಿ ಒದ್ದೆ ಹುಲ್ಲಿನ ಮೇಲೆಯೇ ಕೂತಳು. ಅಳತೆಯ ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಳು. ಮೊದಲ ಎರಡು ಚಿತ್ರ ಕೆಟ್ಟವು. ಇಪ್ಪತ್ತೈದು ವರ್ಷ ಇನ್ನೊಬ್ಬರ ಗೆರೆಯ ಮೇಲೆ ಗೆರೆ ಎಳೆದ ಕೈಗೆ ತಾನೇ ಗೆರೆ ಹುಡುಕುವುದು ಹೊಸದು. ಮೂರನೆಯದಕ್ಕೆ ಗೊಂಚಲು ಗುಂಡಗೆ ಬಂತು. ನಾಲ್ಕನೆಯದಕ್ಕೆ ಗಂಟೆಗಳು ತೂಗಿದವು. ಅವಳಿಗೆ ಮೈಯೆಲ್ಲ ಬೆಚ್ಚಗಾಗುವಷ್ಟು ಖುಷಿಯಾಯಿತು.

ಆಮಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮಾತಾಡುತ್ತಲೇ ಇದ್ದರು. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡರೆ ಈ ಎಸಳು ಅಗಿಯಬೇಕಂತೆ, ಅವರ ತಾಯಿ ಒಣಗಿಸಿದ ಎಸಳನ್ನು ಒಲೆಯ ಮೇಲಿನ ಗೂಡಿನಲ್ಲಿ ಇಟ್ಟಿರುತ್ತಿದ್ದರಂತೆ. ಆಮೇಲೆ ಒಂದು ಕಥೆ ಹೇಳಿದರು. ಗುರಾಂಸ್‌ಗೆ ಉತಿಸ್ ಎಂಬ ಮರದ ಮೇಲೆ ಮನಸ್ಸಾಗಿ, ಚಳಿಗಾಲದಲ್ಲಿ ಹೋಗಿ ನನ್ನ ಮದುವೆಯಾಗು ಎಂದು ಕೇಳಿದಳಂತೆ. ಹೂವಿಲ್ಲದೆ ಗಂಟುಗಂಟಾಗಿದ್ದ ಅವಳನ್ನು ನೋಡಿ ಉತಿಸ್ ಮುಖ ತಿರುಗಿಸಿದನಂತೆ. ವಸಂತ ಬಂತು, ಗುರಾಂಸ್ ಅರಳಿದಳು. ಉತಿಸ್ ಓಡಿಬಂದು ಈಗ ಆಗೋಣ ಎಂದ. ಆಗಲ್ಲ ಹೋಗು ಎಂದಳು ಗುರಾಂಸ್. ಅವಮಾನದಿಂದ ಅವನು ಬೆಟ್ಟದಿಂದ ಹಾರಿಬಿದ್ದ.

"ಅದಕ್ಕೇ ಉತಿಸ್ ಮರ ಇವತ್ತಿಗೂ ಮಣ್ಣು ಕುಸಿದ ಕಡೆ, ಪ್ರಪಾತದಲ್ಲೇ ಬೆಳೆಯೋದು. ಗುರಾಂಸ್ ಮಾತ್ರ ಬೆಟ್ಟದ ನೆತ್ತಿಯಲ್ಲಿ ನೆಟ್ಟಗೆ ನಿಂತಿರ್ತಾಳೆ."

"ಸರಿಯಾಗೇ ಮಾಡಿದ್ಲು" ಎಂದಳು ರುಕ್ಮಿಣಿ ಪೆನ್ಸಿಲಿನಿಂದ ಕಣ್ಣೆತ್ತದೆ.

"ಮತ್ತೆ!" ಎಂದರು ಆಮಾ.

ಹೊಸ ವೆಲ್ವೆಟ್ ಬಂದು ಚೌಕಟ್ಟು ಏರಿತು. ಹಳೆಯದನ್ನು ಬಿಚ್ಚುವ ಯೋಚನೆಯನ್ನೇ ರುಕ್ಮಿಣಿ ಮಾಡಲಿಲ್ಲ. ಪಂದ್ಯಕ್ಕೆ ಉಳಿದದ್ದು ಆರು ವಾರ. ಬಂದಿದ್ದ ಎರಡು ಮದುವೆ ರವಿಕೆಗಳಿಗೆ ದಿನ ಮುಂದೆ ಹಾಕಿದಳು. ಬೆಳಿಗ್ಗೆ ಮಗನ ಕಾರಿನಲ್ಲಿ ಬಂದಿಳಿಯುತ್ತಿದ್ದ ಆಮಾ, ಚೌಕಟ್ಟಿನ ಆಚೆ ಬದಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಲೋ ಬೆಳ್ಳುಳ್ಳಿ ಸುಲಿಯುತ್ತಲೋ ನೋಡುತ್ತಿದ್ದರು. "ಈ ಹೂವು ತಲೆ ಬಹಳ ಎತ್ತಿದೆ" ಎಂದೋ, "ಈ ಎಲೆಗೆ ವಯಸ್ಸಾಗಿದೆ, ಇನ್ನೂ ಸ್ವಲ್ಪ ಕಂದು ಹಾಕು" ಎಂದೋ ಹೇಳುತ್ತಿದ್ದರು. ರುಕ್ಮಿಣಿ ಕೆಲವನ್ನು ಕೇಳುತ್ತಿದ್ದಳು, ಕೆಲವಕ್ಕೆ ಜಗಳವಾಡುತ್ತಿದ್ದಳು. ವೆಲ್ವೆಟ್ಟಿನ ಮೇಲೆ ಯಾವುದು ನಿಲ್ಲುತ್ತದೆ, ಯಾವುದು ಮುಳುಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಹೊಸದಾಗಿ ಮಾಡುತ್ತಿರುವ ಸುದ್ದಿಯನ್ನು ಅವಳು ದಿನೇಶನಿಗೆ ಫೋನಿನಲ್ಲಿ ಹೇಳಿದ್ದಳು. ಎರಡು ವಾರ ಕಳೆದ ಮೇಲೆ ಒಂದು ಸಂಜೆ ಅವನು ಆಫೀಸಿನಿಂದ ನೇರ ಬಂದ. ಮುಖ ಸಣ್ಣದಾಗಿತ್ತು. ಆಮಾ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದರು.

"ಆಂಟಿ, ಕಮಿಟಿಯಲ್ಲಿ ಮಾತಾಯ್ತು. ಮೊದಲನೇದೇ ಎಲ್ರಿಗೂ ಇಷ್ಟ ಆಗಿದೆ. ಫೋಟೋ ಆಗ್ಲೇ ಪರ್ತ್‌ಗೆ, ಬ್ರಿಸ್ಬೇನ್‌ಗೆ ಹೋಗಿದೆ. ಈಗ ಯಾಕೆ ಬೇರೆ ಅಂತಾರೆ."

"ಅದು ಗುರಾಂಸ್ ಅಲ್ವಲ್ಲಪ್ಪ."

"ಅದೇ..." ದಿನೇಶ ಕುತ್ತಿಗೆ ಉಜ್ಜಿಕೊಂಡ. "ಒಬ್ಬರು ಹೇಳಿದ್ರು, ಆಮಾ ನೇಪಾಳದವರೇ ಅಲ್ಲ, ಭೂತಾನಿನವರು, ಅವರ ರಾಷ್ಟ್ರೀಯ ಹೂವು ಯಾವುದೋ ನೀಲಿ ಗಸಗಸೆ ಹೂವು. ನಮ್ಮ ಹೂವು ಹೀಗಿದೆ ಅಂತ ಅವರು ಹೇಗೆ ಹೇಳ್ತಾರೆ ಅಂತ. ನಾನು ಹೇಳಿದ್ದಲ್ಲ ಆಂಟಿ."

ಚಹಾ ಲೋಟಗಳ ತಟ್ಟೆ ಹಿಡಿದು ಆಮಾ ಬಾಗಿಲಲ್ಲಿ ನಿಂತಿದ್ದರು. ಅವನ ಇಂಗ್ಲಿಷು ಪೂರ್ತಿ ಅರ್ಥವಾಗದಿದ್ದರೂ ನೇಪಾಳ, ಭೂತಾನ್ ಎಂಬ ಎರಡು ಶಬ್ದ ಸಾಕಾಗಿತ್ತು. ದಿನೇಶ ಗಡಬಡಿಸಿ ಎದ್ದು ನಿಂತ. ಆಮಾ ತಟ್ಟೆಯನ್ನು ಮೇಜಿನ ಮೇಲಿಟ್ಟರು. ರುಕ್ಮಿಣಿಗೂ ತಿಳಿಯಲೆಂದು ಹಿಂದಿಯಲ್ಲೇ ಮಾತಾಡಿದರು.

"ನೀಲಿ ಹೂವನ್ನ ನಾನು ನೋಡಿಯೇ ಇಲ್ಲ ಬಾಬು. ಅದು ಹಿಮದ ಹತ್ರ ಇರುತ್ತಂತೆ. ನಮ್ಮ ಮನೆ ಇದ್ದದ್ದು ಭೂತಾನಿನ ಚಿರಾಂಗ್‌ನಲ್ಲಿ. ಮನೆ ಮೇಲಿನ ಕಾಡಿನಲ್ಲಿ ಗುರಾಂಸ್ ಇತ್ತು. ಹುಡುಗಿಯಾಗಿದ್ದಾಗ ಮೇಕೆ ಹೊಡ್ಕೊಂಡು ಅದರ ಕೆಳಗೇ ಕೂರ್ತಿದ್ದೆ. ನೇಪಾಳಿ ಮಾತಾಡ್ತೀರಿ ಅಂತ ನಮ್ಮನ್ನ ಅಲ್ಲಿಂದ ಓಡಿಸಿದ್ರು. ನಿಮ್ಮ ದೇಶಕ್ಕೆ ಬಂದ್ವಿ, ಶಿಬಿರದಲ್ಲಿ ಇದ್ವಿ. ಅಲ್ಲಿ ಬಯಲು. ಗುರಾಂಸ್ ಇರ್ಲಿಲ್ಲ."

ಬಾಡಿಗೆ ಮನೆಯ ಕರಾರಿಗೆ ಬೇಕೆಂದು ದಿನೇಶನ ಪಾಸ್‌ಪೋರ್ಟು ಅಂದು ಬ್ಯಾಗಿನಲ್ಲೇ ಇತ್ತು. ತಾನು ಹೇಳಿದ್ದು ತೀರ ಸುಳ್ಳಲ್ಲವೆಂದು ತೋರಿಸಲೋ ಏನೋ, ಅದನ್ನು ತೆಗೆದು ರಟ್ಟಿನ ಮೇಲಿನ ರಾಷ್ಟ್ರಲಾಂಛನ ತೋರಿಸಿದ. ನಡುವೆ ಹಿಮಗಿರಿ, ಸುತ್ತ ಹೂಮಾಲೆ. "ನೋಡಿ, ಇದು ಗುರಾಂಸ್‌ದೇ ಮಾಲೆ. ಇದರಲ್ಲಿ ಬಿಡಿಬಿಡಿ ಹೂವೇ ಇದೆಯಲ್ವಾ?"

ಆಮಾ ಪಾಸ್‌ಪೋರ್ಟನ್ನು ಇಸಿದುಕೊಂಡರು. ಕಣ್ಣಿನ ಹತ್ತಿರ ಹಿಡಿದು ನೋಡಿದರು. ಉಬ್ಬಚ್ಚಿನ ಆ ಲಾಂಛನದ ಮೇಲೆ ಹೆಬ್ಬೆರಳಾಡಿಸಿದರು.

"ಹದಿನೆಂಟು ವರ್ಷ ಆ ದೇಶದಲ್ಲಿದ್ದೆ" ಎಂದರು. "ಇದನ್ನ ಕೈಯಲ್ಲಿ ಹಿಡಿದದ್ದು ಇವತ್ತೇ."

ಅವರ ದನಿಯಲ್ಲಿ ದೂರಿರಲಿಲ್ಲ. ಹಿಂದಿರುಗಿಸುವಾಗ ಸೆರಗಿನಿಂದ ರಟ್ಟನ್ನು ಒರೆಸಿ ಕೊಟ್ಟರು. "ಹೂವು ಇದರಲ್ಲಿ ತುಂಬ ಚಿಕ್ಕದು ಬಾಬು. ಗೊಂಚಲು ಕೆತ್ತೋಕೆ ಜಾಗ ಎಲ್ಲಿ? ನೀನು ಎಲ್ಲಿ ನೋಡಿದ್ದೀಯ ಗುರಾಂಸ್?"

ದಿನೇಶ ಪಾಸ್‌ಪೋರ್ಟನ್ನು ಬ್ಯಾಗಿಗೆ ಹಾಕಿಕೊಂಡ. "ನೋಡಿಲ್ಲ ಆಮಾ" ಎಂದ. "ಕಾಠ್ಮಂಡುವಿನ ಸುತ್ತಲ ಗುಡ್ಡದಲ್ಲೇ ಇತ್ತಂತೆ. ಟ್ಯೂಷನ್ನು, ಪರೀಕ್ಷೆ, ವೀಸಾ... ಹೋಗ್ಲೇ ಇಲ್ಲ. ಸ್ಕೂಲಿನ ಪುಸ್ತಕದಲ್ಲಿ ಬಣ್ಣ ಹಚ್ಚಿದ್ದೆ. ಅಷ್ಟೇ."

ರುಕ್ಮಿಣಿ ಅವನ ಕೈಗೆ ಚಹಾ ಲೋಟ ಕೊಟ್ಟಳು. ಆಮೇಲೆ ಚೌಕಟ್ಟಿನ ಮೇಲೆ ಹೊದೆಸಿದ್ದ ಬಟ್ಟೆ ಸರಿಸಿ ಎರಡೂ ಟ್ಯೂಬ್‌ಲೈಟ್ ಹಾಕಿದಳು. ಮೊದಲ ಗೊಂಚಲಿನ ಹತ್ತೊಂಬತ್ತರಲ್ಲಿ ಹನ್ನೊಂದು ಹೂ ಮುಗಿದಿದ್ದವು. ಮೂರು ಕೆಂಪನ್ನು ಒಂದರ ಪಕ್ಕ ಒಂದು ಸರಪಳಿ ಹೊಲಿಗೆಯಲ್ಲಿ ಹಾಯಿಸಿದ್ದರಿಂದ ಎಸಳು ಬಟ್ಟೆಯಿಂದ ಎದ್ದು ನಿಂತಿತ್ತು. ಗಂಟಲಿನ ಚುಕ್ಕಿಗಳನ್ನು ಕಪ್ಪು ದಾರದಲ್ಲಿ ಸಾಸಿವೆಗಿಂತ ಸಣ್ಣಗೆ ಗಂಟು ಹಾಕಿದ್ದಳು. ಒಂದು ಎಲೆ ಅರ್ಧ ಮಡಿಚಿಕೊಂಡು ತನ್ನ ಬೆಳ್ಳಿಯ ಹಿಂಬದಿ ತೋರಿಸುತ್ತಿತ್ತು.

ದಿನೇಶ ಫೋನ್ ತೆಗೆಯಲಿಲ್ಲ. ಚಹಾ ಆರಿಹೋಗುವವರೆಗೆ ನೋಡಿದ.

"ನಿಮ್ಮ ಕಮಿಟಿಗೆ ಹೇಳು" ಎಂದಳು ರುಕ್ಮಿಣಿ. "ಅಕ್ಟೋಬರ್ ಮೊದಲನೇ ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಬ್ಯಾನರ್ ರೆಡಿ ಇರುತ್ತೆ. ಅದರಲ್ಲಿ ಗುರಾಂಸ್ ಇರುತ್ತೆ. ನನ್ನ ಕೆಲ್ಸ ಅದು, ನನ್ನ ಹೆಸ್ರು ಅದು. ಸುಳ್ಳು ಹೂವಿನ ಕೆಳಗೆ ನನ್ನ ಹೆಸ್ರು ಹೋಗಲ್ಲ."

"ಹೇಳ್ತೀನಿ ಆಂಟಿ" ಎಂದ ದಿನೇಶ. ಬಾಗಿಲವರೆಗೆ ಹೋದವನು ತಿರುಗಿ ಬಂದು ಆಮಾ ಕಾಲು ಮುಟ್ಟಿದ. ಆಮಾ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಊಟ ಮಾಡ್ತಿದ್ದೀಯೋ ಇಲ್ವೋ, ಮೂಳೆ ಸಿಗ್ತಿದೆ" ಎಂದರು.

ಕಮಿಟಿಯಲ್ಲಿ ಅವನು ಏನು ಹೇಳಿದನೋ ರುಕ್ಮಿಣಿ ಕೇಳಲಿಲ್ಲ. ಎರಡು ದಿನದ ಮೇಲೆ ಒಂದೇ ಸಾಲಿನ ಮೆಸೇಜು ಬಂತು: ನೀವು ಮುಂದುವರಿಸಿ. ಮುಂದಿನ ಭಾನುವಾರ ದಿನೇಶ ತನ್ನ ತಂಡದ ಏಳು ಹುಡುಗರನ್ನು ಕರೆದುಕೊಂಡು ಮೌಂಟ್ ಲಾಫ್ಟಿಗೆ ಹೋಗಿದ್ದನೆಂದು ಆಮಾ ಮೊಮ್ಮಗನಿಂದ ತಿಳಿಯಿತು. ಆ ಹೊತ್ತಿಗೆ ಮರದ ಮೇಲೆ ಉಳಿದಿದ್ದದ್ದು ನಾಲ್ಕೈದು ಗೊಂಚಲು. ಅಷ್ಟಾದರೂ ಸಿಕ್ಕಿತು.

ಸೆಪ್ಟೆಂಬರಿನಲ್ಲಿ ಮನೆಯವರು ನೂಡಲ್ಸು, ಮೊಸರನ್ನ, ಆಮಾ ಕೊಟ್ಟು ಕಳಿಸಿದ ಮೂಲಂಗಿ ಉಪ್ಪಿನಕಾಯಿಯ ಮೇಲೆ ಬದುಕಿದರು. ದಾರದ ಉಂಡೆ ಸುತ್ತುವ ಕೆಲಸ ಪ್ರಶಾಂತನಿಗೆ ಬಂತು. ಅಂಗಡಿಗಳಲ್ಲಿ ಸಿಗದ ಒಂದು ಕೆಂಪನ್ನು ಇಂಚರಾ ಆನ್‌ಲೈನಿನಲ್ಲಿ ಹುಡುಕಿ ತರಿಸಿಕೊಟ್ಟಳು. ಮೂರು ಗೊಂಚಲು, ಐವತ್ತೇಳು ಹೂ, ಇಪ್ಪತ್ತೆರಡು ಎಲೆ. ಶುಕ್ರವಾರ ಮಧ್ಯಾಹ್ನ ಕೊನೆಯ ದಾರ ಕತ್ತರಿಸಿ ರುಕ್ಮಿಣಿ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿ ಕೂತಳು. ಆಮಾ ಬ್ಯಾನರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ನಡೆದು ನೋಡಿ, ರುಕ್ಮಿಣಿಯ ಪಕ್ಕ ಬಂದು ಕೂತರು. ತಪ್ಪು ಹುಡುಕಿ ಹೇಳದೆ ಅವರು ಕೂತದ್ದು ಆ ಆರು ವಾರದಲ್ಲಿ ಅದೇ ಮೊದಲು.

ಶನಿವಾರ ಮೈದಾನದಲ್ಲಿ ಗಾಳಿ ಜೋರಾಗಿತ್ತು. ಪರ್ತಿನವರ ಪ್ಲಾಸ್ಟಿಕ್ ಬ್ಯಾನರು ಪಟಪಟ ಹೊಡೆದುಕೊಂಡು ತಿರುಚಿತು. ಅಡಿಲೇಡಿನವರದು ತನ್ನ ಭಾರಕ್ಕೇ ನೆಟ್ಟಗೆ ಇಳಿಬಿದ್ದಿತ್ತು. ಒಂದು ಕೋಲನ್ನು ದಿನೇಶ ಹಿಡಿದಿದ್ದ, ಇನ್ನೊಂದನ್ನು ಆಮಾ ಮೊಮ್ಮಗ. ಆಮಾ ಮುಂದೆ ನಡೆಯುತ್ತಿದ್ದರು. ಬಟ್ಟೆಯ ಅಂಚು ಹುಲ್ಲಿಗೆ ತಾಗಿದಾಗಲೆಲ್ಲ ತಿರುಗಿ ನಿಂತು ಇಬ್ಬರನ್ನೂ ಬೈಯುತ್ತಿದ್ದರು. ಬಿಸಿಲು ಬಿದ್ದ ಕಡೆ ಐವತ್ತೇಳು ಹೂಗಳೂ ಹೊತ್ತಿಕೊಂಡಂತೆ ಕಂಡವು.

ಮೈದಾನದ ಸುತ್ತ ಕುರ್ಚಿ ಹಾಕಿ ಕೂತಿದ್ದವರಲ್ಲಿ ವಯಸ್ಸಾದವರು ಒಬ್ಬೊಬ್ಬರಾಗಿ ಎದ್ದರು. ಯಾರೂ ಹೇಳಿರಲಿಲ್ಲ. ಬ್ರಿಸ್ಬೇನಿನ ತಂಡದ ಜೊತೆ ಇಪ್ಸ್‌ವಿಚ್‌ನಿಂದ ಬಂದಿದ್ದ ಒಬ್ಬ ಮುದುಕರು ಊರುಗೋಲು ಹಿಡಿದು ಮೆರವಣಿಗೆಯ ಮಧ್ಯಕ್ಕೇ ನಡೆದುಬಂದರು. ಬ್ಯಾನರ್ ನಿಂತಿತು. ಅವರು ಹೊಲಿಗೆಯ ಒಂದು ಎಸಳನ್ನು ಚಿವುಟಿ ಬಾಯಿಗೆ ಹಾಕಿಕೊಂಡಂತೆ ನಟಿಸಿ, ಗಂಟಲು ಮುಟ್ಟಿಕೊಂಡು, ಮುಳ್ಳು ಹೋಯಿತು ಎಂದು ನೇಪಾಳಿಯಲ್ಲಿ ಘೋಷಿಸಿದರು. ಸುತ್ತಲಿದ್ದ ಹಿರಿಯರೆಲ್ಲ ಹೊಟ್ಟೆ ಹಿಡಿದು ನಕ್ಕರು. ಚಿಕ್ಕವರು ಏನು, ಏನು ಎಂದು ಕೇಳುತ್ತ ಅವರ ಸುತ್ತ ನೆರೆದರು. ಆ ಹಿರಿಯರು ಕಥೆ ಹೇಳಲು ಶುರುಮಾಡಿದ್ದರಿಂದ ಮೆರವಣಿಗೆ ಹತ್ತು ನಿಮಿಷ ಅಲ್ಲೇ ನಿಂತಿತು.

ಮೈದಾನದ ಗೆರೆಯ ಆಚೆ ನಿಂತಿದ್ದ ರುಕ್ಮಿಣಿಯನ್ನು ದಿನೇಶ ಮೈಕಿನಲ್ಲಿ ಹೆಸರು ಹಿಡಿದು ಕರೆದ. ಅವಳು ಸಂಕೋಚಪಡಲಿಲ್ಲ. ರೇಷ್ಮೆ ಸೀರೆಯ ನೆರಿಗೆ ಹಿಡಿದು ನಡುವಿಗೆ ಹೋಗಿ, ಎಲ್ಲರಿಗೂ ಕೈ ಮುಗಿದು, "ಹೂವು ತೋರಿಸಿಕೊಟ್ಟವರು ಇವರು" ಎಂದು ಆಮಾ ಹೆಗಲ ಮೇಲೆ ಕೈ ಇಟ್ಟಳು. ಆಮಾಗೆ ಮೈಕು ಹಿಡಿಯಲು ಮನಸ್ಸಿರಲಿಲ್ಲ. ಬ್ಯಾನರ್ ಮಡಿಚುವುದು ಹೇಗೆಂದು ಹುಡುಗರಿಗೆ ಹೇಳಿಕೊಡುವುದರಲ್ಲಿದ್ದರು.

ಮಧ್ಯಾಹ್ನ ಊಟದ ಹೊತ್ತಿಗೆ ಪರ್ತ್ ತಂಡದ ನಾಯಕಿ ರುಕ್ಮಿಣಿಯ ಪಕ್ಕದ ಕುರ್ಚಿ ಎಳೆದುಕೊಂಡಳು. ಮುಂದಿನ ವರ್ಷ ತಮಗೂ ಇಂಥದ್ದೇ ಬೇಕು, ಆದರೆ ಗುರಾಂಸ್ ಜೊತೆ ತಮ್ಮ ರಾಜ್ಯದ ಹೂವೂ ಇರಬೇಕು, ಕಾಂಗರೂ ಪಾ, ಕಾಂಗರೂವಿನ ಪಂಜದ ಹಾಗೆ ಕೆಂಪು ಹಸಿರು ಇರುತ್ತದೆ, ಚಿತ್ರ ಈಗಲೇ ಕಳಿಸುತ್ತೇನೆ ಎಂದಳು.

"ಚಿತ್ರ ಬೇಡ" ಎಂದಳು ರುಕ್ಮಿಣಿ. "ಅದು ಅರಳೋದು ಯಾವಾಗ?"

"ಈಗಲೇ. ನವೆಂಬರ್‌ವರೆಗೂ ಇರುತ್ತೆ."

ಪ್ರಶಾಂತ ಸ್ವಲ್ಪ ದೂರದಲ್ಲಿ ತಟ್ಟೆ ಹಿಡಿದು ಮೊಮೊ ಸಾಲಿನಲ್ಲಿ ನಿಂತಿದ್ದ.

"ರೀ!" ಎಂದು ಕೂಗಿದಳು ರುಕ್ಮಿಣಿ. "ಮುಂದಿನ ತಿಂಗಳು ಪರ್ತ್‌ಗೆ ಎರಡು ಟಿಕೆಟ್ ನೋಡಿ. ನಂಗೊಂದು, ಆಮಾಗೊಂದು."

"ನಾನು?"

"ನೀವು ಮನೇಲಿರಿ. ಇಂಚರಾಗೆ ಪರೀಕ್ಷೆ."

ಆ ಸಂಜೆ ಅಡಿಲೇಡ್ ತಂಡ ಬ್ರಿಸ್ಬೇನಿನೆದುರು ಎರಡು ಸೆಟ್ಟು ಸೋತು ಹೊರಬಿತ್ತು. ಆಮಾ ಮೊಮ್ಮಗ ಹೊಡೆದ ಕೊನೆಯ ಚೆಂಡು ನೆಟ್ಟಿಗೆ ತಾಗಿ ಅಲ್ಲೇ ಬಿತ್ತು. ರುಕ್ಮಿಣಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು. ಆಮಾ ಅವಳಿಗೆ ಬಿಸಿನೀರಿನ ಫ್ಲಾಸ್ಕ್ ಕೊಟ್ಟು, ವಿಮಾನದ ಕಿಟಕಿಯ ಸೀಟು ತನಗೇ ಬೇಕೆಂದು ಮುಂಚೆಯೇ ಹೇಳಿಟ್ಟರು.